ಅಪ್‌ಡೇಟ್: ಮಗಳನ್ನು ಸರ್ಕಾರಿ ಶಾಲೆಗೇ ಸೇರಿಸಿದೆವು
ಬೆಂಗಳೂರಲ್ಲಿ ನಮ್ಮ ಏರಿಯಾದ ಸರ್ಕಾರಿ ಶಾಲೆಗೆ ಮಗಳನ್ನು 2ನೇ ಕ್ಲಾಸಿಗೆ ಸೇರಿಸಬಹುದಾ ಅಂತ ಕೇಳಿದ್ದೆ ಅಲ್ವಾ? ಸೇರಿಸಿ ಆರು ತಿಂಗಳಾಯಿತು. ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಗಳಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) 1ರಿಂದ 3ನೇ ತರಗತಿ ಮಕ್ಕಳು ಒಟ್ಟಿಗೇ ಕೂರುತ್ತಾರೆ, ಅದೇ ನನಗೆ ಭಯ ಇತ್ತು, ಈಗ ನೋಡಿದರೆ ಇವಳೇ ಪಕ್ಕದ ಪುಟ್ಟ ಹುಡುಗನಿಗೆ ಕಾರ್ಡು ಹಿಡಿದು 'ರ, ಗ, ಸ' ಓದಿಸುತ್ತಾಳೆ. ಹಾಲು, ಬಿಸಿಯೂಟ, ಮೊಟ್ಟೆ ಎಲ್ಲ ಸರಿಯಾಗಿ ಸಿಗುತ್ತಿದೆ. "ಇಲ್ಲಿ ಯಾರೂ ಬೈಯಲ್ಲಮ್ಮ" ಅಂತಾಳೆ, ನನಗೆ ಅಷ್ಟು ಸಾಕು.

ಬೇಜಾರಿನ ವಿಷಯವೂ ಇದೆ. ಟೀಚರ್‌ಗೆ ಸಮೀಕ್ಷೆ ಡ್ಯೂಟಿ ಬಿದ್ದರೆ ಪಾಠ ನಿಂತೇ ಹೋಗುತ್ತದೆ. ಹುಡುಗಿಯರ ಶೌಚಾಲಯದಲ್ಲಿ ನೀರು ಬರುವುದಿಲ್ಲ, ಮಗಳು ಮನೆಗೆ ಬರುವ ತನಕ ತಡೆದುಕೊಳ್ಳುತ್ತಾಳೆ. ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಾವು ನಾಲ್ಕು ಜನ ಪೋಷಕರು ಕೇಳಿದ್ದೇವೆ, ಸರಿಯಾಗುವ ತನಕ ಬಿಡುವುದಿಲ್ಲ.