ಅಪ್ಪ ಅಮ್ಮನ ಜೊತೆ ಲಡಾಖ್: ಈ ಪ್ಲಾನ್ ಸರಿ ಇದೆಯಾ?

ಜಯನಗರದವಳು:
ಸೆಪ್ಟೆಂಬರ್‌ನಲ್ಲಿ ಲಡಾಖ್‌ಗೆ ಹೊರಟಿದ್ದೇವೆ. ಅಪ್ಪ, ಅಮ್ಮ, ನನ್ನ ಯಜಮಾನರು, ನಾನು. ದೆಹಲಿಯಿಂದ ಬೆಳಗಿನ ವಿಮಾನದಲ್ಲಿ ಲೇಹ್. ಟ್ರಾವೆಲ್ಸ್‌ನವರ ಪ್ಲಾನ್ ಹೀಗಿದೆ: ಇಳಿದ ದಿನವೇ ಲೇಹ್ ಸುತ್ತಾಟ, ಮಾರನೇ ದಿನ ಪ್ಯಾಂಗಾಂಗ್ ಸರೋವರದ ಹತ್ತಿರ ಟೆಂಟ್, ಆಮೇಲೆ ನುಬ್ರಾ ಕಣಿವೆ. ಅಪ್ಪನಿಗೆ 63, ಬಿಪಿ ಮಾತ್ರೆ ನಡೀತಿದೆ. ಯಜಮಾನರು "ದಿನಾ ಜಿಮ್‌ಗೆ ಹೋಗೋನು, ನಂಗೇನಾಗುತ್ತೆ" ಅಂತಾರೆ. ಅತ್ತೆ ಕರ್ಪೂರ ಪೊಟ್ಟಣ ಕಟ್ಟಿಟ್ಟಿದ್ದಾರೆ. ಎತ್ತರದ ಕಾಯಿಲೆ ಬರದಿರಲಿ ಅಂತ ಕೊಡೋ ಡೈಮಾಕ್ಸ್ ಮಾತ್ರೆ ತಗೋಬೇಕಾ?

ಬೆಟ್ಟದ ಚಾಲಿ:
ಮಾತ್ರೆ ವಿಷಯ ಆಮೇಲೆ ನೋಡೋಣ, ಮೊದಲು ಆ ಪ್ಲಾನ್ ಬದಲಾಯಿಸಿ. ಇಲ್ಲಿಂದ ಗುಂಪು ಕರೆದುಕೊಂಡು ಹೋಗೋದೇ ನನ್ನ ಕೆಲಸ. ಎರಡನೇ ರಾತ್ರಿ ಪ್ಯಾಂಗಾಂಗ್ ಅಂದರೆ ನಾನು ಒಪ್ಪೋದೇ ಇಲ್ಲ.

ಲೆಕ್ಕ ನೋಡಿ. ಬೆಂಗಳೂರು ಸುಮಾರು 900 ಮೀಟರ್, ಲೇಹ್ 3,500. ನಮ್ಮ ಮುಳ್ಳಯ್ಯನಗಿರಿಯೇ 2,000 ಮುಟ್ಟಲ್ಲ. ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು ಅಷ್ಟೇ. ಪ್ಯಾಂಗಾಂಗ್ 4,200 ದಾಟುತ್ತೆ. ಇನ್ನೊಂದು ವಿಷಯ ಟ್ರಾವೆಲ್ಸ್‌ನವರು ಹೇಳಲ್ಲ. ಎತ್ತರದ ಕಾಯಿಲೆ, ಅಂದರೆ ಕಡಿಮೆ ಆಮ್ಲಜನಕಕ್ಕೆ ಮೈ ಒಗ್ಗದೆ ಬರೋದು, ಜೋರಾದರೆ ಕೆಳಗಿಳಿಯೋದೇ ಮದ್ದು. ಆದರೆ ಪ್ಯಾಂಗಾಂಗ್‌ನಿಂದ ಲೇಹ್‌ಗೆ ಇಳಿಯಬೇಕಂದ್ರೆ ಮಾಮೂಲಿ ದಾರಿಯಲ್ಲಿ ಮೊದಲು ಚಾಂಗ್ ಲಾ ಘಾಟಿ ಹತ್ತಬೇಕು, ಅದು 5,300ಕ್ಕಿಂತ ಜಾಸ್ತಿ. ನಡುರಾತ್ರಿ ಅಪ್ಪನಿಗೆ ಉಸಿರು ಕಟ್ಟಿದರೆ ಆ ದಾರಿಯೇ ಗತಿ.

ಅದಕ್ಕೇ ಲೇಹ್‌ನಲ್ಲಿ ಎರಡು ರಾತ್ರಿಯಾದರೂ ಇರಿ, ಮೂರಾದರೆ ಇನ್ನೂ ಒಳ್ಳೇದು. ಮೊದಲ ದಿನ ಲೇಹ್ ಅರಮನೆ ಮೆಟ್ಟಿಲು ಕೂಡ ಬೇಡ, ರೂಮಿನಲ್ಲೇ ಇರಿ. ಆಮೇಲೆ ನುಬ್ರಾ. ದಾರಿಯಲ್ಲಿ ಖರ್ದುಂಗ್ ಲಾ ಅನ್ನೋ ಎತ್ತರದ ಘಾಟಿ ಬರುತ್ತೆ, ಫೋಟೋ ತೆಗೆದು ಹೊರಟುಬಿಡಿ. ಮಲಗೋದು ನುಬ್ರಾದ ಹುಂಡರ್‌ನಲ್ಲಿ, ಅದು ಲೇಹ್‌ಗಿಂತ ತಗ್ಗು. ಪ್ಯಾಂಗಾಂಗ್ ಕೊನೆಗೆ, ಅದೂ ಒಂದೇ ರಾತ್ರಿ. ಹಗಲು ಎಲ್ಲಿ ಓಡಾಡಿದಿರಿ ಅನ್ನೋದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನೋದು ಮುಖ್ಯ.

ಯಜಮಾನರಿಗೆ ಹೇಳಿ, ಇದಕ್ಕೂ ಜಿಮ್‌ಗೂ ಸಂಬಂಧ ಇಲ್ಲ. ನನ್ನ ಗುಂಪುಗಳಲ್ಲಿ ಮಲಗಿಬಿಡೋದು ಹೆಚ್ಚಾಗಿ ಗಟ್ಟಿಮುಟ್ಟಾದ ಹುಡುಗರೇ. ಇಳಿದ ದಿನವೇ ಬಿಯರ್, ಓಡಾಟ! ಅಮ್ಮಂದಿರದು ಬೇರೆ ಕಥೆ. "ಮಕ್ಕಳ ಟ್ರಿಪ್ ಹಾಳಾಗುತ್ತೆ" ಅಂತ ತಲೆನೋವು ಬಂದರೂ ಬಾಯಿ ಬಿಡಲ್ಲ. ಊಟ ಬಿಟ್ಟರಾ ಅಂತ ನೋಡ್ತಾ ಇರಿ. ಅನುಮಾನ ಬಂದರೆ ಒಂದು ಗೆರೆ ಮೇಲೆ ಒಂದು ಕಾಲಿನ ಹಿಮ್ಮಡಿಯನ್ನ ಇನ್ನೊಂದು ಕಾಲಿನ ಬೆರಳಿಗೆ ತಾಗಿಸಿ ನಡೆಯೋಕೆ ಹೇಳಿ. ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ.

ಕರ್ಪೂರ ವಾಸನೆಗೆ ಚೆನ್ನಾಗಿರುತ್ತೆ, ರಕ್ತದಲ್ಲಿ ಆಮ್ಲಜನಕ ಏರಲ್ಲ. ಅತ್ತೆ ಸಮಾಧಾನಕ್ಕೆ ಇಟ್ಕೊಳ್ಳಿ.

ಗುಳಿಗೆ ಗೆಳತಿ:
ನಾನು ಡಾಕ್ಟರ್. ಡೈಮಾಕ್ಸ್ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಹೊರಡುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ನೀವಾಗಿ ತಗೋಬೇಡಿ. ಅಪ್ಪನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಇದೆಯಾ ಅಂತ ಅವರ ಡಾಕ್ಟರನ್ನೇ ಕೇಳಿ, ಇದೂ ಅದೇ ಕೆಲಸ ಮಾಡುತ್ತೆ. ಡೈಮಾಕ್ಸ್ ತಗೊಂಡಾಗ ಬೆರಳ ತುದಿ ಜುಮ್ಮೆಂದರೆ ಗಾಬರಿ ಬೇಡ. ಸೋಡಾ ಸಪ್ಪೆ ಅನಿಸುತ್ತೆ, ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ರಾತ್ರಿ ನಿದ್ದೆ ಬರಲಿಲ್ಲ ಅಂತ ನಿದ್ದೆ ಮಾತ್ರೆ ಮಾತ್ರ ಬೇಡವೇ ಬೇಡ.

ಜಯನಗರದವಳು:
ಥ್ಯಾಂಕ್ಸ್! ವಿಮಾನದ ಬದಲು ಮನಾಲಿ ಕಡೆಯಿಂದ ರಸ್ತೆಯಲ್ಲಿ ಹೋದರೆ ನಿಧಾನಕ್ಕೆ ಮೈ ಒಗ್ಗುತ್ತೆ ಅಲ್ವಾ?

ಬೆಟ್ಟದ ಚಾಲಿ:
ಆ ದಾರಿಯಲ್ಲಿ ಜನ ಸರ್ಚುವಿನಲ್ಲಿ ಮಲಗ್ತಾರೆ. ಅದು ಲೇಹ್‌ಗಿಂತ ಎಷ್ಟೋ ಎತ್ತರ, 4,200ರ ಮೇಲೆ. ರಸ್ತೆಯೇ ಬೇಕಂದ್ರೆ ಶ್ರೀನಗರದಿಂದ ಬನ್ನಿ. ಶ್ರೀನಗರ 1,600, ಕಾರ್ಗಿಲ್ 2,700ರ ಹತ್ತಿರ, ಅಲ್ಲಿ ಒಂದು ರಾತ್ರಿ ಉಳಿದು ಲೇಹ್. ರಜೆ ಅಷ್ಟು ಇಲ್ಲದಿದ್ದರೆ ವಿಮಾನವೇ ಇರಲಿ, ಲೇಹ್‌ನಲ್ಲಿ ಇನ್ನೊಂದು ರಾತ್ರಿ ಸೇರಿಸಿ.