ಮಲಗಿಸಿದ ಕಂಪ್ಯೂಟರ್ ನಡುರಾತ್ರಿ ತಾನೇ ಎದ್ದು ಕೂರುತ್ತೆ, ಯಾರಿಗಾದ್ರೂ ಗೊತ್ತಾ?

ಹನುಮಂತನಗರ ಡಿಟಿಪಿ:

ಎಲ್ಲರಿಗೂ ನಮಸ್ಕಾರ. ನಾನು ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಕಾರ್ಡುಗಳ ಡಿಸೈನ್ ಮಾಡೋನು. ಹಗಲು ಚಿಕ್ಕಪೇಟೆಯ ಅಂಗಡೀಲಿ, ರಾತ್ರಿ ಮನೇಲಿ. ಮನೆ ಅಂದ್ರೆ ಓನರ್ ಮನೆ ಕೆಳಗೆ ಒಂದು ಹಾಲ್, ಒಂದು ಅಡುಗೆಮನೆ. ಹಾಲ್‌ನಲ್ಲೇ ಕಂಪ್ಯೂಟರ್ ಟೇಬಲ್ಲು, ಅದರ ಪಕ್ಕದಲ್ಲೇ ಅಮ್ಮನ ಹಾಸಿಗೆ.

ತೊಂದರೆ ಇಷ್ಟು. ರಾತ್ರಿ ಹನ್ನೊಂದೂವರೆಗೆ ಕೆಲಸ ಮುಗಿಸಿ ಸ್ಲೀಪ್ ಒತ್ತಿ ಮಲಗ್ತೀನಿ. ಕೆಲವು ಸಲ ಹತ್ತೇ ಸೆಕೆಂಡಿಗೆ ಮತ್ತೆ ಆನ್ ಆಗುತ್ತೆ. ಆವಾಗ ಎರಡನೇ ಸಲ ಒತ್ತಿದ್ರೆ ಸುಮ್ಮನಾಗುತ್ತೆ. ಆದ್ರೆ ನಡುರಾತ್ರಿ ಅದಾಗೇ ಎದ್ದು ಬೆಳಗಿನವರೆಗೂ ಉರೀತಾ ಇರುತ್ತೆ. ಕ್ಯಾಬಿನೆಟ್ಟು ಕೊಳ್ಳುವಾಗ ಚೆಂದ ಕಂಡಿತು ಅಂತ ಬಣ್ಣಬಣ್ಣದ ಲೈಟಿನ ಫ್ಯಾನ್ ಇರೋದನ್ನೇ ತಗೊಂಡಿದ್ದೆ, ಈಗ ಅನುಭವಿಸ್ತಿದ್ದೀನಿ. ಮೊನ್ನೆ ರಾತ್ರಿ ಎರಡು ಗಂಟೆಗೆ ಗೋಡೆ ಪೂರ್ತಿ ಬೆಳಕಾಗಿದ್ದು ನೋಡಿ ಅಮ್ಮ ಬೆಳಗಾಯ್ತು ಅಂದ್ಕೊಂಡು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬಂದರು. ಬೀಟ್‌ಗೆ ಬಂದ ಗೂರ್ಖಾ ಸೀಟಿ ನಿಲ್ಲಿಸಿ "ಏನಮ್ಮಾ, ಹಬ್ಬಾನಾ?" ಅಂತ ಕೇಳಿದನಂತೆ.

ವಿಂಡೋಸ್ 10, ಆರು ವರ್ಷ ಹಳೇ ಮೆಷಿನ್ನು, ಯುಪಿಎಸ್ ಇದೆ. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡೀಲಿ ತೋರಿಸಿದೆ. ನೋಡಿದವರು ಕ್ಯಾಬಿನೆಟ್ ಬಿಚ್ಚೋಕೂ ಮೊದಲೇ "ಎಸ್‌ಎಂಪಿಎಸ್ ಹೋಗಿದೆ, 2,800 ಆಗುತ್ತೆ" ಅಂದರು. ಎಸ್‌ಎಂಪಿಎಸ್ ಅಂದ್ರೆ ಒಳಗಿನ ಭಾಗಗಳಿಗೆ ಕರೆಂಟು ಕೊಡೋ ಡಬ್ಬಿ. ಬಿಚ್ಚದೇ ಹೇಳಿದ್ದಕ್ಕೆ ವಾಪಸ್ ತಂದೆ. ಮೌಸ್ ಇರಬಹುದು ಅಂತ ಒಂದು ರಾತ್ರಿ ಅದನ್ನೂ ಕಿತ್ತಿಟ್ಟು ಮಲಗಿದೆ, ಆದ್ರೂ ಎದ್ದಿತು. ಹಾಗಾಗಿ ಮೌಸ್ ಅಲ್ಲ.

ಕರೆಂಟಿನ ಲೆಕ್ಕವೂ ಇದೆ. ಸುಮ್ಮನೆ ಆನ್ ಇದ್ದರೆ ನನ್ನ ಮೆಷಿನ್ನು 60 ವ್ಯಾಟ್ ಆಸುಪಾಸು ಎಳೆಯುತ್ತೆ. ರಾತ್ರಿಗೆ ಐದು ಗಂಟೆ ಅಂದ್ರೆ ತಿಂಗಳಿಗೆ 9 ಯೂನಿಟ್. ಗೃಹಜ್ಯೋತೀಲಿ ನಮ್ಮ ಸರಾಸರಿಗೆ ಹತ್ತು ಪರ್ಸೆಂಟ್ ಸೇರಿಸಿ ಕೊಟ್ಟಿರೋ ಮಿತಿ ದಾಟಿದರೆ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಎರಡು ತಿಂಗಳಿಂದ ಕಟ್ತಿದ್ದೀನಿ.

ಗುರುಬಲ:

ಸಾರ್, ಶಟ್‌ಡೌನ್ ಮಾಡಿ ಮಲಗಿ. ಸ್ವಿಚ್ಚೂ ಆಫ್ ಮಾಡಿ. ಮುಗೀತು ಕಥೆ.

ಹನುಮಂತನಗರ ಡಿಟಿಪಿ:

ಗುರುಗಳೇ, ಕೋರೆಲ್‌ಡ್ರಾದಲ್ಲಿ ಹತ್ತು ಫೈಲು ತೆರೆದಿರ್ತವೆ. ಒಂದರಲ್ಲಿ ಮುಹೂರ್ತ ತಿದ್ದಬೇಕು, ಇನ್ನೊಂದರಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿದೆ ಅಂತ ಜಗಳ. ಎಲ್ಲಾ ಮುಚ್ಚಿ ಬೆಳಗ್ಗೆ ಮತ್ತೆ ತೆರೆಯೋಕೆ ಇಪ್ಪತ್ತು ನಿಮಿಷ ಬೇಕು. ಹಾರ್ಡ್ ಡಿಸ್ಕ್ ಹಳೇದು. ಸ್ಲೀಪ್ ಇರೋದೇ ಇದಕ್ಕಲ್ವಾ?

ಕತ್ರಿಗುಪ್ಪೆ ಕೀಬೋರ್ಡು:

ಎಸ್‌ಎಂಪಿಎಸ್ ಬದಲಿಸಬೇಡಿ. ಅದು ಹಾಳಾಗಿದ್ದರೆ ಮೆಷಿನ್ನು ಆಫ್ ಆಗೋದು, ರೀಸ್ಟಾರ್ಟ್ ಆಗೋದು ಮಾಡುತ್ತೆ. ನಿಮ್ಮದು ಎದ್ದಾಗ ಫೈಲುಗಳು ತೆರೆದ ಹಾಗೇ ಇವೆ ತಾನೇ? ಹಾಗಿದ್ರೆ ಅದು ಸರಿಯಾಗೇ ಮಲಗಿದೆ, ಯಾರೋ ಎಬ್ಬಿಸ್ತಿದ್ದಾರೆ. ಯಾರು ಅಂತ ವಿಂಡೋಸನ್ನೇ ಕೇಳಿ, ಊಹೆ ಮಾಡೋ ಅಗತ್ಯ ಇಲ್ಲ.

ಕಮಾಂಡ್ ಪ್ರಾಂಪ್ಟ್ ಮೇಲೆ ಬಲಗಡೆ ಕ್ಲಿಕ್ ಮಾಡಿ, ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆರೀರಿ. ಎದ್ದ ತಕ್ಷಣ "ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್" ಅಂತ ಹೊಡೀರಿ (ನಾನು ಕನ್ನಡದಲ್ಲಿ ಬರೆದಿದ್ದೀನಿ, ನೀವು ಇಂಗ್ಲಿಷಿನಲ್ಲೇ ಹೊಡೀಬೇಕು). ಕೊನೇ ಸಲ ಎಬ್ಬಿಸಿದ್ದು ಯಾವುದು ಅಂತ ಹೇಳುತ್ತೆ. ಕೊನೇದು ಮಾತ್ರ. ಹಿಂದಿನ ರಾತ್ರಿಗಳ ಕಥೆ ಬೇಕಂದ್ರೆ ಇವೆಂಟ್ ವ್ಯೂವರ್, ವಿಂಡೋಸ್ ಲಾಗ್ಸ್, ಸಿಸ್ಟಂ. ಅಲ್ಲಿ ಪವರ್ ಟ್ರಬಲ್‌ಶೂಟರ್ ಅನ್ನೋ ಮೂಲದಿಂದ ಬಂದ, ಇವೆಂಟ್ ಐಡಿ 1 ಇರೋ ಸಾಲುಗಳನ್ನ ನೋಡಿ. ಎದ್ದ ಸಮಯ, ವೇಕ್ ಸೋರ್ಸ್ (ಎಬ್ಬಿಸಿದ್ದು ಯಾವುದು ಅನ್ನೋದು) ಎರಡೂ ಇರುತ್ತೆ. ಅದೇ ಪವರ್‌ಸಿಎಫ್‌ಜಿ ಜೊತೆ "/ರಿಕ್ವೆಸ್ಟ್ಸ್" ಹೊಡೆದರೆ ಎದ್ದ ಮೇಲೆ ಮತ್ತೆ ಮಲಗೋಕೆ ಬಿಡದೇ ಇರೋರು ಯಾರು ಅಂತ ಕಾಣುತ್ತೆ. ಎಬ್ಬಿಸೋರು ಬೇರೆ, ಮಲಗೋಕೆ ಬಿಡದೋರು ಬೇರೆ, ನೆನಪಿಡಿ.

ಒಂದು ವಾರದ್ದು ಬರೆದು ಹಾಕಿ.

ಹನುಮಂತನಗರ ಡಿಟಿಪಿ:

ತುಂಬಾ ಉಪಕಾರ ಆಯ್ತು. ಲಾಗಿನಲ್ಲಿ ಎಲ್ಲಾ ಇದೆ, ನಾನೇ ನೋಡಿರಲಿಲ್ಲ. ಜೂನ್ 3ರಿಂದ ಬರೆದಿದ್ದೀನಿ:

3 – ಬೆಳಗಿನ ಜಾವ 4:38
4 – ರಾತ್ರಿ 2:07 (ಮೌಸ್ ಕಿತ್ತಿಟ್ಟ ರಾತ್ರಿ)
5 – 4:45
6 – 1:52
7 – 4:40
8 – ಏಳಲಿಲ್ಲ!
9 – 4:36

4 ಮತ್ತು 6ನೇ ತಾರೀಕಿನ ಸಾಲಿನಲ್ಲಿ ಟೈಮರ್ ಅಂತಿದೆ, ಜೊತೆಗೆ ಅಪ್‌ಡೇಟ್ ಆರ್ಕೆಸ್ಟ್ರೇಟರ್ ಅನ್ನೋ ಉದ್ದನೇ ಹೆಸರು. ನಾಲ್ಕೂವರೆ ಮೇಲಿನ ಎಲ್ಲದರಲ್ಲೂ ಯುಎಸ್‌ಬಿ ಹೋಸ್ಟ್ ಕಂಟ್ರೋಲರ್ ಅಂತ ಬರುತ್ತೆ. ಸ್ಲೀಪ್ ಒತ್ತಿದ ಹತ್ತು ಸೆಕೆಂಡಿಗೆ ಏಳುತ್ತಲ್ಲ, ಅದರಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು. ರಿಕ್ವೆಸ್ಟ್ಸ್ ಹೊಡೆದರೆ ಆಡಿಯೋ ಸ್ಟ್ರೀಮ್ ಬಳಕೆಯಲ್ಲಿದೆ ಅಂತು. ಅಮ್ಮನಿಗೆ ಅಂತ ಹಾಕಿದ್ದ ಸುಪ್ರಭಾತದ ಟ್ಯಾಬು ಬ್ರೌಸರಿನಲ್ಲಿ ಅರ್ಧಕ್ಕೆ ನಿಂತಿತ್ತು. ಮುಚ್ಚಿದ ಮೇಲೆ ಆ ಸಾಲು ಹೋಯ್ತು.

ಕತ್ರಿಗುಪ್ಪೆ ಕೀಬೋರ್ಡು:

ನೋಡಿ, ಒಂದೇ ಕಳ್ಳ ಅಂದ್ಕೊಂಡಿದ್ರಿ, ಮೂರು ಜನ ಇದ್ದಾರೆ. ಅದಕ್ಕೇ ಒಂದು ರಾತ್ರಿ ಮೌಸ್ ಕಿತ್ತಿಟ್ಟು ತೀರ್ಮಾನ ಮಾಡಬಾರದಿತ್ತು. ಆ ರಾತ್ರಿ ಎಬ್ಬಿಸಿದ್ದು ಟೈಮರ್, ಅಂದ್ರೆ ವಿಂಡೋಸ್ ಅಪ್‌ಡೇಟ್ ಇಟ್ಟುಕೊಂಡಿದ್ದ ಅಲಾರಂ. ಮೌಸ್ ಇನ್ನೂ ಖುಲಾಸೆ ಆಗಿಲ್ಲ.

ನೆಟ್‌ವರ್ಕ್ ಕಾರ್ಡು ಸುಲಭ. ಡಿವೈಸ್ ಮ್ಯಾನೇಜರಿನಲ್ಲಿ ಅದರ ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬು. ಕಂಪ್ಯೂಟರನ್ನ ಎಬ್ಬಿಸೋಕೆ ಇದಕ್ಕೆ ಅನುಮತಿ ಇರಲಿ ಅನ್ನೋ ಟಿಕ್ ತೆಗೀರಿ. ದೂರದಿಂದ ಎಬ್ಬಿಸೋ ಕೆಲಸ ನಿಮಗಿದ್ದರೆ ಮಾತ್ರ ಅದನ್ನ ಹಾಗೇ ಬಿಟ್ಟು ಕೆಳಗಿನ ಮ್ಯಾಜಿಕ್ ಪ್ಯಾಕೆಟ್ ಟಿಕ್ ಹಾಕಿ. ಮ್ಯಾಜಿಕ್ ಪ್ಯಾಕೆಟ್ ಅಂದ್ರೆ ಎಬ್ಬಿಸೋಕೆ ಅಂತಲೇ ಕಳಿಸೋ ಸಂದೇಶ: ಮೊದಲು ಎಲ್ಲಾ ಬಿಟ್‌ಗಳೂ 1 ಆಗಿರೋ 6 ಬೈಟು, ಆಮೇಲೆ ನಿಮ್ಮ ಕಾರ್ಡಿನ 6 ಬೈಟಿನ ವಿಳಾಸ 16 ಸಲ, ಒಟ್ಟು 102 ಬೈಟು. ಅದು ಅಕಸ್ಮಾತ್ತಾಗಿ ಬರೋ ಮಾತಲ್ಲ. ಆ ಟಿಕ್ ಇಲ್ಲದಿದ್ದರೆ ಮನೇಲಿ ಇನ್ನೊಂದು ಲ್ಯಾಪ್‌ಟಾಪು ನಿಮ್ಮ ಪ್ರಿಂಟರ್ ಹುಡುಕಿದರೂ ಸಾಕು, ಎದ್ದುಬಿಡುತ್ತೆ.

ಟೈಮರಿಗೆ ಪವರ್ ಆಪ್ಷನ್ಸ್, ನಿಮ್ಮ ಪ್ಲಾನಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಸ್ಲೀಪ್, ಅಲೋ ವೇಕ್ ಟೈಮರ್ಸ್. ಅಲ್ಲಿ ಮೂರು ಆಯ್ಕೆ ಇರುತ್ತೆ. "ಮುಖ್ಯವಾದವು ಮಾತ್ರ" ಅನ್ನೋದನ್ನ ನಂಬಬೇಡಿ, ಅಪ್‌ಡೇಟ್ ತಾನೇ ಮುಖ್ಯ ಅಂದ್ಕೊಂಡಿರುತ್ತೆ. ಡಿಸೇಬಲ್ ಮಾಡಿ. ಕಂಟ್ರೋಲ್ ಪ್ಯಾನೆಲ್ಲಿನ ಆಟೋಮ್ಯಾಟಿಕ್ ಮೇಂಟೆನೆನ್ಸ್ ಕೂಡ ನೋಡಿ, ಅದಕ್ಕೂ ಎಬ್ಬಿಸೋ ಟಿಕ್ ಒಂದಿದೆ.

ಇನ್ನು ಯುಎಸ್‌ಬಿ. ಕಂಟ್ರೋಲರ್ ಅಂತಷ್ಟೇ ಹೇಳುತ್ತೆ, ಅದಕ್ಕೆ ಚುಚ್ಚಿರೋ ಯಾವುದು ಅಂತ ಹೇಳಲ್ಲ. "/ಡಿವೈಸ್‌ಕ್ವೆರಿ ವೇಕ್_ಆರ್ಮ್ಡ್" ಹೊಡೆದರೆ ಎಬ್ಬಿಸೋ ಅಧಿಕಾರ ಯಾರಿಗೆಲ್ಲ ಇದೆ ಅಂತ ಪಟ್ಟಿ ಬರುತ್ತೆ. ಕೀಬೋರ್ಡು, ಮೌಸು, ಯುಪಿಎಸ್ಸಿನ ಕೇಬಲ್ಲು, ಒಂದೊಂದಾಗಿ ನೋಡಬೇಕು. ನನ್ನ ಅನುಮಾನ ಯುಪಿಎಸ್ ಮೇಲೆ, ಬೆಳಗಿನ ಜಾವ ಕರೆಂಟು ಹೋಗಿ ಬರ್ತಿರಬಹುದು.

ಶ್ರೀನಗರದ ಸುಬ್ಬಕ್ಕ:

ನನಗೆ ಕಂಪ್ಯೂಟರ್ ಅಷ್ಟೇನೂ ಬರಲ್ಲ, ಮಗಳ ಜೊತೆ ಕೂತು ಓದ್ತಿದ್ದೆ. ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಪ್ಪ. 3, 5, 7, 9. ನಿಮ್ಮ ಬೀದೀಲಿ ಕಾವೇರಿ ನೀರು ಬಿಡೋದು ದಿನ ಬಿಟ್ಟು ದಿನವಾ?

ಕತ್ರಿಗುಪ್ಪೆ ಕೀಬೋರ್ಡು:

ಅಕ್ಕಾ!! ನಾನು ಆ ಪಟ್ಟೀನ ನಾಲ್ಕು ಸಲ ಓದಿದ್ದೀನಿ.

ಹನುಮಂತನಗರ ಡಿಟಿಪಿ:

ಸುಬ್ಬಕ್ಕ ಮೇಡಂ, ನೀವು ಹೇಳಿದ ಮೇಲೆ ಮೈ ಜುಂ ಅಂತು. ಹೌದು, ದಿನ ಬಿಟ್ಟು ದಿನವೇ, ನಾಲ್ಕೂವರೆ ಸುಮಾರಿಗೆ. ಸಂಪಿಗೆ ನೀರು ಬೀಳೋ ಸದ್ದು ಕೇಳಿದ ಕೂಡಲೇ ಮೇಲಿನ ಓನರ್ ಎದ್ದು ಬಂದು ಮೋಟರ್ ಹಾಕ್ತಾರೆ, ಓವರ್‌ಹೆಡ್ ಟ್ಯಾಂಕಿಗೆ. ಮೋಟರ್ ಇರೋದು ನಮ್ಮ ಹಾಲ್‌ನ ಗೋಡೆಗೆ ಅಂಟಿಕೊಂಡ ಪ್ಯಾಸೇಜಿನಲ್ಲಿ. ಗೋಡೆಯ ಈ ಕಡೆ ನನ್ನ ಟೇಬಲ್ಲು.

ಆದ್ರೆ ಮೋಟರಿಗೂ ಕಂಪ್ಯೂಟರಿಗೂ ಏನು ಸಂಬಂಧ? ಓನರ್ ಮೀಟರ್ರೇ ಬೇರೆ.

ಕತ್ರಿಗುಪ್ಪೆ ಕೀಬೋರ್ಡು:

ಕರೆಂಟಿನ ಸಂಬಂಧ ಅಲ್ಲ, ನಡುಕದ್ದು ಇರಬೇಕು. ಆಪ್ಟಿಕಲ್ ಮೌಸಿನ ಹೊಟ್ಟೇಲಿ ಒಂದು ಪುಟ್ಟ ಕ್ಯಾಮೆರಾ ಇರುತ್ತೆ, ಟೇಬಲ್ಲಿನ ಮೇಲ್ಮೈಯನ್ನ ಒಂದೇ ಸಮ ನೋಡ್ತಾ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಹೋಲಿಸ್ತಾ ಇರುತ್ತೆ. ಕಂಪ್ಯೂಟರ್ ಮಲಗಿದ್ದರೂ ಯುಎಸ್‌ಬಿಗೆ ಸ್ವಲ್ಪ ಕರೆಂಟು ಬರ್ತಾ ಇರುತ್ತಲ್ಲ, ಹಾಗಾಗಿ ಅದಕ್ಕೆ ಪೂರ್ತಿ ನಿದ್ದೆ ಇಲ್ಲ. ಟೇಬಲ್ಲು ಕೂದಲೆಳೆಯಷ್ಟು ಅಲುಗಿದರೂ ಯಾರೋ ಮೌಸ್ ಹಿಡಿದರು ಅಂತ ಲೆಕ್ಕ.

ಪರೀಕ್ಷೆ ಸುಲಭ. ಮುಂದಿನ ನೀರಿನ ದಿನ ಮೌಸನ್ನ ಬೆನ್ನಡಿ ಮಾಡಿಟ್ಟು ಮಲಗಿ. ಬೇರೇನೂ ಮುಟ್ಟಬೇಡಿ. ಯುಪಿಎಸ್ ಮೇಲಿನ ನನ್ನ ಅನುಮಾನ ಸದ್ಯಕ್ಕೆ ವಾಪಸ್.

ಮಲ್ಲೇಶ್ವರ ಪೆಂಗ್ವಿನ್:

ನಡುವೆ ಬಾಯಿ ಹಾಕ್ತಿದ್ದೀನಿ. ಇದೇ ತೊಂದರೆ ಲಿನಕ್ಸಿನಲ್ಲಿ ಇರೋರು ಪ್ರಾಕ್ ಫೋಲ್ಡರಿನ ಒಳಗೆ ಎಸಿಪಿಐ, ಅದರೊಳಗೆ ವೇಕಪ್ ಅನ್ನೋ ಫೈಲ್ ನೋಡಿ. ಎಬ್ಬಿಸೋ ಅಧಿಕಾರ ಯಾವುದಕ್ಕಿದೆ ಅಂತ ಪಟ್ಟಿ ಇರುತ್ತೆ. ಅದೇ ಫೈಲಿಗೆ ಹೆಸರು ಬರೆದರೆ ಆನ್ ಇದ್ದದ್ದು ಆಫ್ ಆಗುತ್ತೆ, ರೀಬೂಟ್ ಮಾಡಿದರೆ ಮೊದಲಿನಂತೆಯೇ. ಆಮೇಲೆ ಡಿಟಿಪಿ ಸಾರ್, ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಪ್‌ಡೇಟ್ ರಾತ್ರಿ ಎಬ್ಬಿಸುತ್ತೆ ಅಂತ ಬೈಯೋ ಕಾಲವೂ ಮುಗೀತಾ ಬಂತು.

ಹನುಮಂತನಗರ ಡಿಟಿಪಿ:

ಎಲ್ಲರಿಗೂ ವರದಿ. ನೆಟ್‌ವರ್ಕ್ ಟಿಕ್ ತೆಗೆದೆ, ವೇಕ್ ಟೈಮರ್ ಡಿಸೇಬಲ್ ಮಾಡಿದೆ, ಎರಡು ಗಂಟೆಯ ಕಾಟ ನಿಂತಿದೆ. 11ನೇ ತಾರೀಕು ಮೌಸ್ ಬೆನ್ನಡಿ ಇಟ್ಟೆ. ನಾಲ್ಕೂವರೆಗೆ ನಾನೇ ಎದ್ದು ಕತ್ತಲಲ್ಲಿ ಕೂತಿದ್ದೆ, ಪರೀಕ್ಷೆ ಅಂದ ಮೇಲೆ ನಿದ್ದೆ ಎಲ್ಲಿ ಬರುತ್ತೆ. 4:41ಕ್ಕೆ ಮೋಟರ್ ಶುರುವಾಯ್ತು. ಟೇಬಲ್ ಮೇಲೆ ಸ್ಟೀಲ್ ಲೋಟದಲ್ಲಿ ಅರ್ಧ ನೀರಿತ್ತು, ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಬಳೆಬಳೆಯಾಗಿ ನಡುಗ್ತಿದೆ. ಕಂಪ್ಯೂಟರ್ ಮಾತ್ರ ಮಲಗೇ ಇದೆ. ಬೆರಳಲ್ಲಿ ಮೌಸನ್ನ ಮೆಲ್ಲಗೆ ಸರಿಯಾಗಿ ತಿರುಗಿಸಿಟ್ಟು ಕೈ ತೆಗೆದೆ. ತಿರುಗಿಸುವಾಗಲೇ ಎದ್ದಿತು, ಅದು ಲೆಕ್ಕಕ್ಕಿಲ್ಲ. ಮತ್ತೆ ಸ್ಲೀಪ್ ಒತ್ತಿ ಕೈಕಟ್ಟಿ ಕೂತೆ. ಒಂದು ನಿಮಿಷದೊಳಗೆ ಝಗ್ ಅಂತ ಫ್ಯಾನು, ಲೈಟು.

ಆಮೇಲೆ ಡಿವೈಸ್ ಮ್ಯಾನೇಜರಿನಲ್ಲಿ ಮೌಸಿನ ಎಬ್ಬಿಸೋ ಟಿಕ್ ತೆಗೆದೆ, ಟೇಬಲ್ಲನ್ನ ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದೆ. ಈಗ ಕೀಬೋರ್ಡ್ ಒತ್ತಿದರೆ ಮಾತ್ರ ಏಳುತ್ತೆ. 12ರಿಂದ 17ರವರೆಗೆ ಲಾಗಿನಲ್ಲಿ ನಾನು ಎಬ್ಬಿಸಿದ್ದು ಬಿಟ್ಟು ಒಂದು ಸಾಲೂ ಇಲ್ಲ. 2,800 ಉಳೀತು. ಸುಬ್ಬಕ್ಕ ಮೇಡಂಗೆ ಒಂದು ಕಾರ್ಡು ಪುಕ್ಕಟೆ, ಮಗಳ ಮದುವೆಗೆ ಹೇಳಿ ಕಳಿಸಿ.

ಶ್ರೀನಗರದ ಸುಬ್ಬಕ್ಕ:

ಮಗಳು ಇನ್ನೂ ಎಂಟನೇ ಕ್ಲಾಸು. ಬಾಕಿ ಬರೆದಿಟ್ಕೋ.

ಹನುಮಂತನಗರ ಡಿಟಿಪಿ:

ಇನ್ನೊಂದು ವಿಷಯ ಉಳಿದಿದೆ, ಇದಕ್ಕೂ ಯಾರಾದ್ರೂ ದಾರಿ ಹೇಳಿ. ಇವತ್ತು ಬೆಳಗ್ಗೆ ಅಮ್ಮ ಮುಖ ಊದಿಸ್ಕೊಂಡಿದ್ದಾರೆ. ಸಂಪಿನ ಹತ್ತಿರದ ನಲ್ಲೀಲಿ ಕುಡಿಯೋ ನೀರು ಹಿಡಿಯೋಕೆ ಕಂಪ್ಯೂಟರಿನ ಬೆಳಕು ನೋಡೇ ಏಳ್ತಿದ್ದರಂತೆ. ಮೋಟರ್ ಸದ್ದು ಅವರ ಕಿವಿಗೆ ಅಷ್ಟಾಗಿ ಬೀಳಲ್ಲ. ಎರಡು ಸರತಿ ನೀರು ತಪ್ಪಿ ನಿನ್ನೆ ಕ್ಯಾನ್ ತರಿಸಿದ್ದಾಯ್ತು. "ರಾತ್ರಿ ಎರಡಕ್ಕೆ ಏಳೋದು ನಿಲ್ಲಿಸು ಅಂದ್ರೆ, ನೀರಿಗೆ ಏಳೋದನ್ನೂ ನಿಲ್ಲಿಸಿಬಿಟ್ಯಲ್ಲೋ" ಅಂತಾರೆ.

ಕತ್ರಿಗುಪ್ಪೆ ಕೀಬೋರ್ಡು:

ಮೌಸಿನ ಟಿಕ್ ವಾಪಸ್ ಹಾಕಿ, ಟೇಬಲ್ಲು ಗೋಡೆಗೆ ತಳ್ಳಿ. ನೀರಿಲ್ಲದ ದಿನ ಮೋಟರೇ ಇರಲ್ಲ, ಕಂಪ್ಯೂಟರೂ ಏಳಲ್ಲ. ಏನು ತೊಂದರೆ?

ಹನುಮಂತನಗರ ಡಿಟಿಪಿ:

ಹಾಕಿದೆ. ಟೇಬಲ್ ಅಮ್ಮನೇ ತಳ್ಳಿದರು.