ಸಹಾಯ ಬೇಕು: ಡಾಕ್ಟರು ಪ್ರಶ್ನೆ ಚಿಹ್ನೆ ಹಾಕಿದರೆ ನಾನು ಯಾವ ಕೋಡ್ ಹಾಕಲಿ?

ಎಲ್ಲರಿಗೂ ನಮಸ್ಕಾರ. 60 ಹಾಸಿಗೆಯ ಖಾಸಗಿ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ನಾಲ್ಕು ತಿಂಗಳಿಂದ ಐಸಿಡಿ-10 ಕೋಡಿಂಗ್ (ಪ್ರತಿ ಕಾಯಿಲೆಗೂ ಅಂತರರಾಷ್ಟ್ರೀಯ ಪಟ್ಟಿಯ ಕೋಡ್ ಹಾಕುವ ಕೆಲಸ) ನನ್ನ ತಲೆಗೇ ಬಿದ್ದಿದೆ. ಹೇಳಿಕೊಡುವವರು ಯಾರೂ ಇಲ್ಲ.

ಸಕ್ಕರೆ ಕಾಯಿಲೆಗೆ ಇ11, ಬಿಪಿಗೆ ಐ10, ಇದೆಲ್ಲ ಈಗ ಬಾಯಿಪಾಠ. ತೊಂದರೆ ಇರುವುದು ಜ್ವರದ ಫೈಲುಗಳಲ್ಲಿ. ಮಳೆಗಾಲ ಬಂತೆಂದರೆ ಅರ್ಧಕ್ಕರ್ಧ ಡಿಸ್ಚಾರ್ಜ್ ಸಮ್ಮರಿಯಲ್ಲಿ "ವೈರಲ್ ಫೀವರ್, ? ಡೆಂಗಿ" ಅಂತ ಇರುತ್ತದೆ, ಅಂದರೆ ಡೆಂಗಿ ಇರಬಹುದೆಂಬ ಅನುಮಾನ. ಪ್ಲೇಟ್‌ಲೆಟ್ ಇಳಿದಿರುತ್ತದೆ, ಎನ್‌ಎಸ್1 ನೆಗೆಟಿವ್, ಐಜಿಎಂ ಮಾಡಿಸಿರುವುದೇ ಇಲ್ಲ (ಎರಡೂ ಡೆಂಗಿ ಪತ್ತೆಯ ರಕ್ತ ಪರೀಕ್ಷೆಗಳು). ರೋಗಿ ಹುಷಾರಾಗಿ ಮನೆಗೆ ಹೋಗಿರುತ್ತಾರೆ.

ಡಾಕ್ಟರನ್ನು ಕೇಳಿದೆ. "ಏನೋ ಒಂದು ಹಾಕಮ್ಮ, ಓಪಿಡಿ ತುಂಬಿದೆ" ಎಂದರು. ಅವರದೂ ತಪ್ಪಿಲ್ಲ ಬಿಡಿ. ಸಮ್ಮರಿಯಲ್ಲಿ "ಫೈನಲ್ ಡಯಾಗ್ನೋಸಿಸ್" ಎಂಬ ಸಾಲು ಸೇರಿಸಿ ಪ್ರಿಂಟ್ ಹಾಕಿಸಿದೆ, ಖಾಲಿ ಬಿಡುತ್ತಾರೆ. ಜಾಸ್ತಿ ಬರುವ 40 ಕಾಯಿಲೆಗಳ ಕೋಡ್ ಪಟ್ಟಿಯನ್ನು ವಾರ್ಡಿನಲ್ಲಿ ಅಂಟಿಸಿದೆ. ಈಗ ಅದರ ಮೇಲೆ ನರ್ಸುಗಳ ಡ್ಯೂಟಿ ಚಾರ್ಟ್ ಕೂತಿದೆ!

ಬರೀ ಜ್ವರ ಎಂದು ಆರ್50.9 ಹಾಕಲೇ, ವೈರಲ್ ಸೋಂಕು ಎಂದು ಬಿ34.9 ಹಾಕಲೇ, ಡೆಂಗಿ ಎಂದೇ ಹಿಡಿದು ಎ97.9 ಹಾಕಲೇ? (ನಮ್ಮ ಹಳೇ ಪುಸ್ತಕದಲ್ಲಿ ಡೆಂಗಿಗೆ ಎ90 ಇದೆ, ಅದು ಬೇರೆ ತಲೆನೋವು.) ಸುಮ್ನೆ ಡೆಂಗಿ ಅಂತ ಹಾಕಿದರೆ ತಿಂಗಳ ಲೆಕ್ಕ ಉಬ್ಬುತ್ತದೆ. ಹಾಕದಿದ್ದರೆ ಪ್ಲೇಟ್‌ಲೆಟ್ ಯಾಕೆ ಕೊಟ್ಟಿರಿ ಎಂದು ಇನ್ಶೂರೆನ್ಸಿನವರು ಕೇಳುತ್ತಾರೆ.

ಕೋಡಿಂಗ್ ಮಾಡುವವರು ದಯವಿಟ್ಟು ಹೇಳಿ: ಇಂಥ ಫೈಲಿಗೆ ನೀವು ಯಾವ ಕೋಡ್ ಹಾಕುತ್ತೀರಿ? ಡಾಕ್ಟರ ಕೈಯಲ್ಲಿ ಆ ಒಂದು ಸಾಲು ಬರೆಸಲು ನಿಮ್ಮಲ್ಲಿ ಏನು ಮಾಡಿದಿರಿ?